ಕೆಮ್ಮದ ಕರು

"ಬಾಯಿಗೇನಾದ್ರೂ ಕೊಟ್ಟಿದ್ರಾ ಅಜ್ಜಿ?" ಮಂಚದ ತಲೆಭಾಗವನ್ನು ಏರಿಸುತ್ತ ನರ್ಸ್ ಕೇಳಿದಳು. "ಇವತ್ತು ನೀರು ಕುಡಿಸಿ ನೋಡ್ತೀವಿ. ಸರಿಯಾಗಿ ನುಂಗಿದ್ರೆ ಮೂಗಿನ ನಳಿಗೆ ತೆಗೆದುಬಿಡಬಹುದು."

ಅಜ್ಜಿ ಚೀಲದ ಹಿಡಿಯನ್ನು ಹೊಸೆಯುತ್ತ ನಿಂತಳು. ಅಜ್ಜನ ಮಿದುಳಿನ ಆಪರೇಷನ್ ಆಗಿ ಹನ್ನೆರಡು ದಿನವಾಗಿತ್ತು. ಬದುಕಿಡೀ ದನ ಸಾಕಿದ ಮನುಷ್ಯ, ತಲೆಗೆ ಪಟ್ಟಿ ಸುತ್ತಿಕೊಂಡು ಅರೆಗಣ್ಣಿನಲ್ಲಿ ಅವಳನ್ನೇ ನೋಡುತ್ತಿದ್ದ. ವಾರದ ಕೆಳಗೆ ಹೀಗೇ ನೋಡಿದ್ದ. ತುಟಿ ಒಣಗಿ ಸಿಪ್ಪೆ ಎದ್ದಿತ್ತು. ನರ್ಸ್ ಅತ್ತ ತಿರುಗಿದ್ದೇ ತಡ, ಅಜ್ಜಿ ಮನಸ್ಸು ತಡೆಯದೆ ಅವನ ಬಾಯಿಗೆ ಮೂರು ಚಮಚ ನೀರು ಹಾಕಿದ್ದಳು. ಅವತ್ತು ಸಂಜೆಯೇ ಜ್ವರ ಏರಿತು. ಬಲಗಡೆಯ ಶ್ವಾಸಕೋಶ ಕೆಟ್ಟಿದೆ ಎಂದರು ಡಾಕ್ಟರು. ಹೇಗೆ ಅಂತ ಯಾರಿಗೂ ತಿಳಿಯಲಿಲ್ಲ. ಅಜ್ಜಿಯೂ ತುಟಿ ಬಿಚ್ಚಲಿಲ್ಲ.

ಈಗ ಹೇಳಿದರೆ ನಳಿಗೆ ಹಾಗೇ ಉಳಿದೀತು. ತನ್ನನ್ನು ಒಳಗೇ ಬಿಡದಿದ್ದಾರು. ಹೇಳದಿದ್ದರೆ?

"ಕೊಟ್ಟೆ, ಮಗಳೇ. ಮೂರು ಚಮಚ. ಜ್ವರ ಬಂದ ದಿನ."

ನರ್ಸ್ ಕೈಯಲ್ಲಿದ್ದ ಲೋಟವನ್ನು ಮೆಲ್ಲಗೆ ಕೆಳಗಿಟ್ಟಳು. "ಅಜ್ಜ ಕೆಮ್ಮಿದ್ರಾ?"

"ಇಲ್ಲ. ಅದಕ್ಕೇ ಸಲೀಸಾಗಿ ಇಳೀತು ಅಂದ್ಕೊಂಡೆ. ಬಿದಿರಿನ ಗೊಟ್ಟದಲ್ಲಿ ಕರುಗಳಿಗೆ ಔಷಧಿ ಹುಯ್ದ ಕೈ ಇದು. ಔಷಧಿ ದಾರಿ ತಪ್ಪಿ ಇಳಿದಾಗ ಕೆಮ್ಮಿದ ಕರು ಉಳಿಯುತ್ತೆ. ಕೆಮ್ಮದೆ ತೆಪ್ಪಗೆ ನಿಂತಿದ್ದೇ ಮೂರನೇ ದಿನ ಮಲಗೋದು. ಕೊಟ್ಟಿಗೆಯಲ್ಲಿ ಗೊತ್ತಿದ್ದದ್ದು ಇಲ್ಲಿ ಗೊತ್ತಾಗಲಿಲ್ಲ ನೋಡು."

"ಬೈಬೇಕು ನಿಮಗೆ," ಎಂದಳು ನರ್ಸ್. "ಆಮೇಲೆ ಬೈತೀನಿ. ನೀವು ಹೇಳದಿದ್ರೆ ನಾನೂ ಇವತ್ತು ಕೆಮ್ಮಲಿಲ್ಲ, ಸರಿಯಾಗೇ ನುಂಗಿದ್ರು ಅಂತ ನಂಬ್ತಿದ್ದೆ." ನೀರಿನ ಲೋಟ ತೆಗೆದುಕೊಂಡು ಹೋಗಿ ಫೋನ್ ಮಾಡಿದಳು.

ಮಧ್ಯಾಹ್ನ ಡಾಕ್ಟರು ಮೂಗಿನೊಳಗೆ ದಾರದಷ್ಟು ಸಣ್ಣ ಕ್ಯಾಮೆರಾ ಇಳಿಸಿ, ಅಜ್ಜ ನುಂಗುವುದನ್ನು ಪರದೆಯ ಮೇಲೆ ನೋಡಿದರು. ತೆಳು ನೀರು ಸದ್ದಿಲ್ಲದೆ ಉಸಿರಿನ ದಾರಿಗೆ ಜಾರಿತು. ಪುಡಿ ಬೆರೆಸಿ ಗಂಜಿಯಷ್ಟು ಗಟ್ಟಿ ಮಾಡಿದ್ದು ಮಾತ್ರ ಸರಿಯಾದ ದಾರಿ ಹಿಡಿಯಿತು. ನಳಿಗೆ ಇನ್ನೂ ಕೆಲವು ದಿನ ಇರಲಿ, ಜೊತೆಗೆ ಇದನ್ನು ದಿನಕ್ಕೆ ಮೂರು ಸಲ ನಾಲ್ಕು ನಾಲ್ಕು ಚಮಚ ಕೊಡಿ ಎಂದು ಹೇಳಿ ಹೋದರು.

ನರ್ಸ್ ಅಜ್ಜನನ್ನು ನೆಟ್ಟಗೆ ಕೂರಿಸಿ, ಬಾಯಿ ಒರೆಸಿ, ಚಮಚವನ್ನು ಅಜ್ಜಿಯ ಮುಂದೆ ಹಿಡಿದಳು.

"ನಾನಾ?"

"ಕದ್ದು ಕೊಡೋದು ಬರುತ್ತಲ್ಲ, ನನ್ನೆದುರಿಗೇ ಕೊಡಿ. ಅರ್ಧ ಚಮಚ. ಗದ್ದ ಎದೆ ಕಡೆಗೆ ಬಗ್ಗಿರಲಿ."

ಅಜ್ಜಿ ಅರ್ಧ ಚಮಚ ತೆಗೆದು ಅಜ್ಜನ ತುಟಿಗೆ ಹಿಡಿದಳು. ಅಜ್ಜನ ಗಂಟಲ ಗಂಟು ಮೇಲೇರಿ, ತುಸು ತಡೆದು, ಇಳಿಯಿತು. ಅಜ್ಜಿಯೂ ಬರಿಬಾಯಲ್ಲಿ ನುಂಗಿದಳು.

"ಅಜ್ಜಾ, ಈಗ 'ಆ' ಅನ್ನಿ. ಸ್ವರ ಗೊರಗೊರ ಅಂದ್ರೆ ದಾರಿ ತಪ್ಪಿದೆ ಅಂತ."

ಅಜ್ಜ ನರ್ಸನ್ನು ನೋಡಿದ, ಹೆಂಡತಿಯನ್ನು ನೋಡಿದ. "ಏ ಇವಳೇ," ಎಂದ. ಸ್ವರ ಸಣ್ಣದು, ಆದರೆ ಗೊರಗೊರ ಇರಲಿಲ್ಲ. "ಇದಕ್ಕೆ ರುಚೀನೇ ಇಲ್ಲವಲ್ಲೇ."

ಅಜ್ಜಿ ಎಡಗೈಯ ಬೆರಳಿನಿಂದ ಅವನ ಗದ್ದವನ್ನು ಮೆಲ್ಲಗೆ ಕೆಳಕ್ಕೆ ಬಾಗಿಸಿ, ಬಲಗೈಯಲ್ಲಿ ಇನ್ನೊಂದು ಅರ್ಧ ಚಮಚ ತೆಗೆದುಕೊಂಡಳು.