ಫ್ರೇಮಿನೊಳಗೆ ಬಂದ ಕೈ

"ಹಾರ ಸ್ವಲ್ಪ ಕೆಳಗಿಳಿಸಿ ಸರ್, ಮುಖ ಮುಚ್ತಿದೆ," ಎಂದ ಬಾಗಿಲಲ್ಲಿದ್ದ ಟೀವಿ ಕ್ಯಾಮೆರಾದವನು.

ಹೆಣಕ್ಕೆ ಹಾಕಲು ಎತ್ತಿದ್ದ ಹಾರವನ್ನು ಹೀರೋ ಇಳಿಸಿದ. ಮುಚ್ಚುತ್ತಿದ್ದದ್ದು ಹೆಣದ ಮುಖವಲ್ಲ, ಹೀರೋನದು. ತಾನು ಸತ್ತ ದಿನವೂ ಫ್ರೇಮು ನಿರ್ದೇಶಕನದಾಗಲಿಲ್ಲವಲ್ಲ ಎಂದುಕೊಂಡಳು ಎಡಿಟರಮ್ಮ. ಆಕೆ ಸತ್ತವನ ಹೆಂಡತಿ. ಅವನ ಸಿನಿಮಾಗಳನ್ನೆಲ್ಲ ಕತ್ತರಿಸಿ ಜೋಡಿಸಿದವಳೂ ಅವಳೇ.

ನಿರ್ಮಾಪಕ ಪಕ್ಕಕ್ಕೆ ಬಂದು ದನಿ ತಗ್ಗಿಸಿದ. "ಅಕ್ಕಾ, ಹೊತ್ತಲ್ಲದ ಹೊತ್ತಲ್ಲಿ ಕೇಳ್ತಿದೀನಿ, ಬೇಜಾರು ಮಾಡ್ಕೋಬೇಡಿ. ಅಣ್ಣನ ಈ ಕೊನೇ ಸಿನಿಮಾದ ಕ್ಲೈಮ್ಯಾಕ್ಸ್ ಬದಲಾಯಿಸ್ಲೇಬೇಕು. ಹೀರೋ ಸತ್ರೆ ಥಿಯೇಟರಿನವರು ಮೂಸಿ ಕೂಡ ನೋಡಲ್ಲ."

"ಬೇರೆ ಶಾಟೇ ತೆಗೆದಿಲ್ವಲ್ಲಪ್ಪ."

"ಒಂದಿದೆ. ಹೀರೋನೇ ಹೇಳಿದ್ರು."

*

ಬೇಕಾದಷ್ಟೇ ಶಾಟ್ ತೆಗೆಯುವುದು ನಿರ್ದೇಶಕನ ಹಟ. ಮೊದಲ ಸಿನಿಮಾದಲ್ಲಿ ಸ್ಟುಡಿಯೋದವರು ಮಿಕ್ಕ ಚೂರುಗಳನ್ನೆಲ್ಲ ತುರುಕಿ ಕತೆಯನ್ನು ಕಲಸುಮೇಲೋಗರ ಮಾಡಿದ್ದರು. ಅಂದಿನಿಂದ ದೃಶ್ಯ ಸಾಕೆನಿಸಿದ ಕೂಡಲೇ ಅಂಗೈಯಿಂದ ಲೆನ್ಸ್ ಮುಚ್ಚಿಬಿಡುತ್ತಿದ್ದ.

"ಮಿಕ್ಕಿದ್ರೆ ತಾನೇ ಕಂಡೋರು ಕೈಹಾಕೋದು?" ಎಂದು ನಗುತ್ತಿದ್ದ.

ಆದರೆ 'ನಾನು ಸಾಯಲ್ಲ' ಎಂದು ಶೂಟಿಂಗಿನುದ್ದಕ್ಕೂ ಜಗಳವಾಡಿದ್ದ ಹೀರೋ ಕೊನೆಯ ದಿನ ಎಷ್ಟು ಚೆನ್ನಾಗಿ ಸತ್ತನೆಂದರೆ, ಆ ಖುಷಿಯಲ್ಲಿ ನಿರ್ದೇಶಕ ಲೆನ್ಸ್ ಮುಚ್ಚುವುದನ್ನೇ ಮರೆತು ಹೀರೋನತ್ತ ಓಡಿದ. ಕ್ಯಾಮೆರಾ ನಡೆಯುತ್ತಲೇ ಇತ್ತು.

*

ಎಡಿಟಿಂಗ್ ಕೋಣೆ ಹಜಾರಕ್ಕೆ ಅಂಟಿಕೊಂಡೇ ಇತ್ತು. ಅವಳು ಶಾಟ್ ಹಾಕಿದಳು. ಹೀರೋ ಮಣ್ಣಿನಲ್ಲಿ ಸತ್ತು ಬಿದ್ದಿದ್ದ. ಅಂಚಿನಿಂದ ಒಂದು ಕೈ ಬಂತು, ಹೆಬ್ಬೆರಳಿಗೆ ಅವಳೇ ಕಟ್ಟಿದ್ದ ಬ್ಯಾಂಡೇಜು. ಭುಜ ತಟ್ಟಿ, ಹಿಡಿದೆಬ್ಬಿಸಿತು. ಹೀರೋ ನಗುತ್ತಾ ಎದ್ದ.

ಜೀವಮಾನವಿಡೀ ಕ್ಯಾಮೆರಾದ ಹಿಂದೆಯೇ ನಿಂತವನು ಚಿತ್ರದಲ್ಲಿ ಸಿಕ್ಕಿದ್ದು ಇಷ್ಟೇ. ಅವಳು ಮತ್ತೆ ಹಾಕಿ ನೋಡಿದಳು. ಮತ್ತೊಮ್ಮೆ ನೋಡಿದಳು.

"ಹಾಂ, ಇದೇ! ಆ ಕೈಯೊಂದನ್ನ ತೆಗೆದ್ಬಿಡಿ ಅಕ್ಕಾ, ಹೀರೋ ಬದುಕಿದ ಹಾಗೇ ಇರುತ್ತೆ," ಎಂದ ನಿರ್ಮಾಪಕ.

ಹಿಂದೆ ನಿಂತಿದ್ದ ಹೀರೋ ಕೆಮ್ಮಿದ. "ನಾನು ಸಾಯೋದನ್ನ ನನ್ನ ಜನ ಒಪ್ಪಲ್ಲ ಅಮ್ಮಾ."

"ಆ ಕೈ ತೆಗೆದ್ರೆ ನೀನು ಹೇಗಪ್ಪಾ ಏಳ್ತೀಯ?"

"ಅತ್ತಿಗೇ, ಎತ್ತೋ ಹೊತ್ತಾಯ್ತು. ಬಂದು ಮುಖ ನೋಡ್ಕೊಳ್ಳಿ," ಎಂದು ನಾದಿನಿ ಹಜಾರದಿಂದ ಕರೆದಳು.

ಕ್ಯಾಮೆರಾದ ಕಾರ್ಡನ್ನು ಆಗಲೇ ಅಳಿಸಿಯಾಗಿತ್ತು. ಉಳಿದಿದ್ದು ಇದೊಂದೇ ಪ್ರತಿ. ಅವಳು ಕೈ ಬರುವುದಕ್ಕೆ ಮುಂಚಿನ ಜಾಗದಲ್ಲಿ ಕತ್ತರಿ ಹಾಕಿದಳು. ಮಿಕ್ಕಿದ್ದನ್ನು ಪೂರ್ತಿ ಅಳಿಸಿದಳು.

"ಅಯ್ಯೋ, ಏನಕ್ಕಾ ಮಾಡಿದ್ರಿ!"

ಅವಳು ಶಾಟನ್ನು ಮೊದಲಿನಿಂದ ಹಾಕಿದಳು. ಹೀರೋ ಮಣ್ಣಿನಲ್ಲಿ ಬಿದ್ದಿದ್ದ. ಅವಳ ಕಣ್ಣು ಅಂಚಿನಲ್ಲೇ ನೆಟ್ಟಿತ್ತು. ಯಾರ ಕೈಯೂ ಬರಲಿಲ್ಲ.