ಆರ್ವಿಲ್ ಮುಚ್ಚಿಟ್ಟ ಫರ್ನೇಸ್

ಅಕ್ಟೋಬರ್ ಎರಡನೇ ವಾರ, ಬೀಟ್ ಕೊಯ್ಲು ಅರ್ಧಕ್ಕೆ ಬಂದಿತ್ತು. ಬೆಳಿಗ್ಗೆ ಮಾರ್ಲಿಸ್ ಕಾಫಿಗೆ ನೀರಿಡಲು ಹೋದರೆ ನಲ್ಲಿಯಲ್ಲಿ ಒಂದು ಹನಿಯೂ ಇಲ್ಲ. ಅಣ್ಣತಂಗಿ ವಾಸವಿದ್ದ ಕ್ಯಾರವಾನಿನ ಅಡಿಯಲ್ಲಿ ಹಾಯ್ದ ಕೊಳವೆ ಹೆಪ್ಪುಗಟ್ಟಿತ್ತು. ಗಾಡಿ ಬೆಚ್ಚಗಿಡಬೇಕಾದ ಚಾವಣಿಯ ಹೀಟ್ ಪಂಪ್ ಮಾತ್ರ ಗರ್ರೆನ್ನುತ್ತ ತಣ್ಣನೆಯ ಗಾಳಿಯನ್ನು ಅವಳ ನೆತ್ತಿಯ ಮೇಲೆ ಸುರಿಯುತ್ತಿತ್ತು.

"ಆರ್ವಿ, ನಿನ್ನ ಪಂಪು ಮತ್ತೆ ಐಸ್ ಗಾಳಿ ಊದ್ತಾ ಇದೆ ನೋಡು."

"ತಾಳೇ ಸ್ವಲ್ಪ. ಬಿಸಿಲು ಬಿದ್ರೆ ಸರಿಹೋಗುತ್ತೆ," ಎಂದ ಅಣ್ಣ ಕಂಬಳಿಯೊಳಗಿನಿಂದಲೇ.

"ಬಿಸಿಲು ಬಿದ್ಮೇಲೆ ಅದ್ಯಾಕೋ ನಂಗೆ? ಬಿಸಿಲಿಗೇ ಹೋಗಿ ಕೂತ್ಕೋತೀನಿ."

ಆರ್ವಿಲ್ ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡ. ಅವಳು ಕೆಮ್ಮಿದಳು. ಆ ಕೆಮ್ಮು ಶುರುವಾಗಿ ಹನ್ನೆರಡು ದಿನವಾಗಿತ್ತು.

ಇಬ್ಬರೂ ಅಮೆರಿಕದ ಉತ್ತರ ಡಕೋಟಾಕ್ಕೆ ಬಂದಿದ್ದು ಸಕ್ಕರೆ ಬೀಟಿನ ಕೆಲಸಕ್ಕೆ. ಲಾರಿಗಳು ಹೊಲದಿಂದ ತಂದು ಸುರಿಯುವ ಗೆಡ್ಡೆಗಳನ್ನು ಯಂತ್ರ ಬೆಟ್ಟದಂತೆ ರಾಶಿ ಹಾಕುತ್ತದೆ. ಆರ್ವಿಲ್ ಆ ಯಂತ್ರದ ಬುಡದಲ್ಲಿ ನಿಂತು ಮಣ್ಣು ಕೆರೆಯುತ್ತಿದ್ದ, ಮಾರ್ಲಿಸ್ ಪ್ರತಿ ಲಾರಿಯಿಂದ ಪರೀಕ್ಷೆಗೆಂದು ಒಂದು ಚೀಲ ಮಾದರಿ ತುಂಬಿ ಚೀಟಿ ಕಟ್ಟುತ್ತಿದ್ದಳು. ದಿನಕ್ಕೆ ಹನ್ನೆರಡು ತಾಸು ಬಯಲುಗಾಳಿಯಲ್ಲಿ. ಮೈ ಕಾಯಿಸಿಕೊಳ್ಳಲು ಅವರಿಗಿದ್ದದ್ದು ಊರಾಚೆಯ ಶಿಬಿರದಲ್ಲಿ ನಿಲ್ಲಿಸಿದ ಈ ಕ್ಯಾರವಾನ್ ಒಂದೇ. ಮಾರ್ಲಿಸಳಿಗೆ ಐವತ್ತಾರು, ಗಂಡನನ್ನು ಬಿಟ್ಟವಳು. ಆರ್ವಿಲ್‌ಗೆ ಅರವತ್ತು. ಆರು ವರ್ಷದ ಹಿಂದೆ ಅವನ ಹೆಂಡತಿ ಟ್ವೈಲಾ ತೀರಿಕೊಂಡ ಮೇಲೆ, ಇವನನ್ನು ಒಂಟಿಯಾಗಿ ಬಿಟ್ಟರೆ ಉಳಿಯುವುದಿಲ್ಲ ಎನ್ನಿಸಿ ಅವಳೇ ಬಂದು ಜೊತೆಗೂಡಿದ್ದಳು.

ಟ್ವೈಲಾ ಸತ್ತಿದ್ದು ಅವರ ಹಳೆಯ ಕ್ಯಾರವಾನಿನಲ್ಲಿ. ಗಾಡಿ ಕಾಯಿಸುವ ಗ್ಯಾಸ್ ಒಲೆ, ಅಂದರೆ ಫರ್ನೇಸಿನ ಒಳಗಿನ ತಗಡು ಬಿರಿದು, ವಾಸನೆಯಿಲ್ಲದ ವಿಷಗಾಳಿ ಮಲಗುವ ಕಡೆಗೆ ಹರಿದಿತ್ತು. ಆರ್ವಿಲ್ ಕೆಲಸದಿಂದ ಬಂದು ನೋಡಿದಾಗ ಕೆನ್ನೆ ಕೆಂಪಗೆ, ನಿದ್ದೆ ಹೋದವಳ ಹಾಗೇ ಇದ್ದಳಂತೆ. ಅವನು ಆ ಗಾಡಿಯನ್ನು ಮಾರಿ ಇದನ್ನು ಕೊಂಡ. ಕೊಂಡ ದಿನವೇ ಫರ್ನೇಸಿನ ಫ್ಯೂಸ್ ಕಿತ್ತು ಕಾಲುವೆಗೆ ಎಸೆದ. ಹೊರಗಿನ ಹೊಗೆಕಿಂಡಿಗೆ ಬೆಳ್ಳಿಬಣ್ಣದ ಟೇಪನ್ನು ನಾಲ್ಕು ಪದರ ಸುತ್ತಿದ. ಚಾವಣಿಗೆ ಹೀಟ್ ಪಂಪ್ ಕೂರಿಸಿದ.

ಪಕ್ಕದ ಕ್ಯಾರವಾನಿನ ಬರ್ನೆಲ್ ಒಕ್ಲಹೋಮಾದವನು, ಮೂವತ್ತು ವರ್ಷ ಗ್ಯಾಸ್ ರಿಪೇರಿ ಮಾಡಿದವನು. ಅವತ್ತು ಬೆಳಿಗ್ಗೆ ಒಂದು ಕೊಡ ನೀರು ತಂದುಕೊಟ್ಟು ಆರ್ವಿಲ್‌ಗೆ ಹೇಳಿದ:

"ನೋಡಪ್ಪಾ, ಹೀಟ್ ಪಂಪ್ ಬಿಸಿ ಹುಟ್ಸಲ್ಲ. ಹೊರಗಿರೋ ಬಿಸೀನ ಎಳೆದು ಒಳಗೆ ಬಿಡುತ್ತೆ ಅಷ್ಟೆ. ಹೊರಗೇ ಇಲ್ಲ ಅಂದ್ರೆ ಎಲ್ಲಿಂದ ತರುತ್ತೆ ಪಾಪ? ಫರ್ನೇಸ್ ಹಚ್ಚಿದ್ರೆ ಅದರ ಗಾಳಿ ಅಡಿಗೂ ಹೋಗುತ್ತೆ, ಕೊಳವೆನೂ ಕಟ್ಕೊಳ್ಳಲ್ಲ. ನಾನೇ ಬಿಚ್ಚಿ ನೋಡ್ತೀನಿ, ಬಿಡು."

"ಬೇಡ."

"ನಿನ್ನ ತಂಗಿ ಕೆಮ್ಮೋದು ನನ್ನ ಗಾಡಿಗೂ ಕೇಳುತ್ತೆ ಕಣಯ್ಯಾ."

"ಕಿವಿ ಮುಚ್ಕೋ ಹಂಗಾದ್ರೆ," ಎಂದು ಆರ್ವಿಲ್ ಬೂಟು ಹಾಕಿಕೊಂಡು ಹೊರಟುಬಿಟ್ಟ.

ಹಾಗಂತ ಅವನಿಗೆ ತಂಗಿಯ ಚಿಂತೆ ಇರಲಿಲ್ಲ ಎಂದಲ್ಲ. ಸಂಜೆ ಪೇಟೆಯಿಂದ ಸಣ್ಣದೊಂದು ಕರೆಂಟ್ ಹೀಟರ್ ತಂದು ಅವಳ ಕಾಲ ಬಳಿ ಇಟ್ಟ. ಹೀಟ್ ಪಂಪ್ ಜೊತೆಗೆ ಅದನ್ನೂ ಹಾಕಿದ್ದೇ ತಡ, ಶಿಬಿರದ ಕಂಬದ ಸ್ವಿಚ್ ಟಪ್ಪೆಂದು ಬಿದ್ದು ದೀಪವೂ ಹೋಯಿತು. ಒಂದನ್ನು ಆರಿಸಿ ಇನ್ನೊಂದನ್ನು ಹಾಕುತ್ತ, ಮತ್ತೆ ಬದಲಿಸುತ್ತ ವಾರ ಕಳೆಯಿತು. ತನ್ನ ಕಂಬಳಿಯನ್ನೂ ಅವಳಿಗೇ ಹೊದಿಸಿ ತಾನು ಕೋಟಿನಲ್ಲೇ ಮಲಗಿದ. ಕ್ಲಿನಿಕ್ಕಿನ ಡಾಕ್ಟರು ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿ ಮಾತ್ರೆ ಕೊಟ್ಟು, "ಮೊದಲು ಬೆಚ್ಚಗಿರಿ," ಅಂದರು. ಮಾರ್ಲಿಸಳಿಗೆ ನಗು ಬಂತು. ನಕ್ಕರೆ ಕೆಮ್ಮು ಬಂತು.

ಮರುದಿನ ಅವಳಿಗೆ ಏಳಲಾಗಲಿಲ್ಲ. ಆರ್ವಿಲ್ ಒಬ್ಬನೇ ಕೆಲಸಕ್ಕೆ ಹೋದ. ಅವನ ಪಿಕಪ್ ತಿರುವು ದಾಟಿದ್ದನ್ನು ನೋಡಿಕೊಂಡು ಅವಳು ಬರ್ನೆಲ್‌ಗೆ ಫೋನ್ ಮಾಡಿದಳು.

"ಬಿಚ್ಚು ಬರ್ನೆಲ್. ಅವನಿಗೆ ನಾನು ಹೇಳ್ಕೋತೀನಿ."

ಬರ್ನೆಲ್ ಎರಡು ತಾಸು ಕೂತ. ಟೇಪು ಕಿತ್ತ, ಇಲಿಗೂಡು ತೆಗೆದ, ತಗಡಿನ ಮೂಲೆಮೂಲೆಗೆ ಟಾರ್ಚ್ ಬಿಟ್ಟು ನೋಡಿದ. ಎಲ್ಲೂ ಬಿರುಕಿರಲಿಲ್ಲ. ಹೊಸ ಫ್ಯೂಸ್ ಹಾಕಿ, ಹಾಸಿಗೆಯ ಪಕ್ಕದ ಗೋಡೆಗೆ ಹೊಸ ವಿಷಗಾಳಿ ಅಲಾರಂ ಬಡಿದು, ಗುಂಡಿ ಒತ್ತಿ ಕೂಗಿಸಿ ತೋರಿಸಿದ. ಫರ್ನೇಸ್ ಟಿಕ್ ಟಿಕ್ ಎಂದಿತು, ಆಮೇಲೆ ಭುಸ್ಸೆಂದು ಹೊತ್ತಿಕೊಂಡಿತು. ಮಾರ್ಲಿಸ್ ನೆಲದ ಕಿಂಡಿಯ ಮೇಲೆ ಬರಿಗಾಲಿಟ್ಟು ನಿಂತಳು. ಅರ್ಧ ತಾಸಿಗೆ ನಲ್ಲಿ ಕೆಮ್ಮಿ ಕೆಮ್ಮಿ ನೀರು ಬಿಟ್ಟಿತು. ಅವಳು ಸೂಪ್ ಬಿಸಿ ಮಾಡಿ ಕುಡಿದಳು, ಸ್ವೆಟರ್ ತೆಗೆದಳು, ಒಂದೇ ಮಗ್ಗುಲಲ್ಲಿ ನಿದ್ದೆ ಹೋದಳು.

ಹಿಮ ಹೊಡೆದ ಬೀಟ್ ಗೆಡ್ಡೆ ರಾಶಿಯಲ್ಲಿ ಕೊಳೆಯುತ್ತದೆ. ಅಂದು ಮಧ್ಯಾಹ್ನ ಗೆಡ್ಡೆಗಳು ಕಲ್ಲಾಗಿದ್ದು ನೋಡಿ ಮೇಸ್ತ್ರಿ ಕೆಲಸ ನಿಲ್ಲಿಸಿದ. ಎರಡೂವರೆಗೆ ಶಿಬಿರಕ್ಕೆ ಬಂದ ಆರ್ವಿಲ್‌ಗೆ ಮೊದಲು ಕಂಡದ್ದು ಕ್ಯಾರವಾನಿನ ಹೊಗೆಕಿಂಡಿಯಿಂದ ಏಳುತ್ತಿದ್ದ ಬಿಳಿಯ ಹಬೆ. ಎರಡನೆಯದು ಕಿಟಕಿಯೊಳಗೆ ಕೆನ್ನೆ ಕೆಂಪಾಗಿ ಮಲಗಿದ್ದ ತಂಗಿ.

ಮಾರ್ಲಿಸಳಿಗೆ ಎಚ್ಚರವಾದದ್ದು ಯಾರೋ ಕಂಕುಳಿಗೆ ಕೈಹಾಕಿ ದರದರ ಎಳೆಯುತ್ತಿದ್ದಾಗ. "ಆರ್ವಿ! ಬಿಡೋ, ಏನಾಯ್ತೋ?" ಎಂದು ಕೂಗಿದಳು. ಅವನಿಗೆ ಕೇಳಿಸಲಿಲ್ಲ. ಮೆಟ್ಟಿಲ ಕಬ್ಬಿಣಕ್ಕೆ ಅವಳ ಮಣಿಕಟ್ಟು ಬಡಿದು ಲಟಕ್ಕೆಂದಿತು. ಹೆಪ್ಪುಗಟ್ಟಿದ ಹುಲ್ಲಿನ ಮೇಲೆ, ತೆಳುವಾದ ರಾತ್ರಿಯಂಗಿಯಲ್ಲಿ ಅವಳನ್ನು ಮಲಗಿಸಿ, "ಉಸಿರಾಡು ಟ್ವೈಲಾ, ಉಸಿರಾಡೇ," ಎಂದು ಅವನು ಎದೆ ಒತ್ತತೊಡಗಿದ.

ಬರ್ನೆಲ್ ಓಡಿಬಂದು ಅವನನ್ನು ತಬ್ಬಿ ಹಿಂದಕ್ಕೆಳೆದ. "ಬದುಕಿದಾಳೆ ಕಣೋ! ನಿದ್ದೆ ಮಾಡ್ತಿದ್ಲು! ಅಲಾರಂ ಇದೆ, ನೋಡು, ಹಸಿರು ದೀಪ!"

ಆರ್ವಿಲ್ ತಂಗಿಯ ಮುಖವನ್ನೇ ನೋಡುತ್ತ ಕುಸಿದು ಕೂತ.

"ಅಲಾರಂ ಆಗಲೂ ಇತ್ತು," ಎಂದ. "ಟ್ವೈಲಾ ಹೋದ ದಿನ ಸಂಜೆ ಊಟಕ್ಕೆ ಕೂತಾಗ ಕೂಗ್ತು. ಬೇಕನ್ ಮಾಂಸ ಹುರಿದ ಹೊಗೆಗೆ ಕೂಗ್ತಿದೆ ಅನ್ಕೊಂಡೆ. ತಲೆನೋವು ಅಂದ್ಲು ಟ್ವೈಲಾ. ಆ ಸದ್ದಿಗೇ ತಲೆನೋವು ಅಂತ ಬ್ಯಾಟರಿ ಕಿತ್ತು ಜೇಬಿಗೆ ಹಾಕ್ಕೊಂಡೆ. ರಾತ್ರಿ ಪಾಳಿಗೆ ಹೋಗುವಾಗಲೂ ಜೇಬಲ್ಲೇ ಇತ್ತು."

ಆರು ವರ್ಷ ಒಂದೇ ಸೂರಿನಡಿ ಉಂಡು ಮಲಗಿದ ತಂಗಿಗೆ ಈ ಮಾತು ಗೊತ್ತಿರಲಿಲ್ಲ. ಪೆಟ್ಟಾಗದ ಕೈಯನ್ನು ಅವನತ್ತ ಚಾಚಿದಳು, ಅಷ್ಟರಲ್ಲಿ ಕೆಮ್ಮು ಒತ್ತಿಕೊಂಡು ಬಂತು.

ಅದು ನ್ಯುಮೋನಿಯಾಕ್ಕೆ ತಿರುಗಿತು. ಆಸ್ಪತ್ರೆಯಲ್ಲಿ ಒಂಬತ್ತು ದಿನ, ಕೈಗೆ ಪ್ಲಾಸ್ಟರ್. ಅಷ್ಟರಲ್ಲಿ ಕೊಯ್ಲು ಮುಗಿದು ಶಿಬಿರ ಖಾಲಿಯಾಯಿತು. ಆರ್ವಿಲ್ ಫರ್ನೇಸನ್ನು ಬುಡಸಮೇತ ಕಿತ್ತು ಹಾಕಿದ್ದ. ಆ ಗಾಡಿಯಲ್ಲಿ ಇನ್ನು ತಾನು ಬದುಕಲಾರೆನೆಂದು ಮಾರ್ಲಿಸಳಿಗೆ ತಿಳಿಯಿತು. ಮಿನ್ನೆಸೋಟಾದಲ್ಲಿದ್ದ ಚಿಕ್ಕಮ್ಮನ ಮಗಳು ಆರ್ಡಿಸ್, "ಇಬ್ರೂ ಬನ್ನಿ, ನೆಲಮಾಳಿಗೆ ಖಾಲಿ ಇದೆ," ಎಂದಳು.

ಆರ್ವಿಲ್ ಅವಳನ್ನು ಕರೆದುಕೊಂಡು ಹೋದ. ಪೆಟ್ಟಿಗೆ ಹೊತ್ತು ಮೆಟ್ಟಿಲಿಳಿದವನು ಅರ್ಧದಲ್ಲೇ ನಿಂತ. ನೆಲಮಾಳಿಗೆಯ ಮೂಲೆಯಲ್ಲಿ ಆಳೆತ್ತರದ ಗ್ಯಾಸ್ ಫರ್ನೇಸ್ ಉರಿಯುತ್ತಿತ್ತು. ಆ ಸೀಮೆಯಲ್ಲಿ ಅದಿಲ್ಲದ ಮನೆಯಿಲ್ಲ. ಪೆಟ್ಟಿಗೆಯನ್ನು ಮೆಟ್ಟಿಲ ಮೇಲೇ ಇಟ್ಟು ಹೊರಗೆ ಬಂದುಬಿಟ್ಟ.

ಹನ್ನೊಂದು ದಿನ ಅಂಗಳದಲ್ಲೇ ಕ್ಯಾರವಾನ್ ನಿಲ್ಲಿಸಿಕೊಂಡು ಇದ್ದ. ಮಾರ್ಲಿಸ್ ಮಾಂಸ, ಆಲೂಗಡ್ಡೆ ಹಾಕಿ ಬೇಯಿಸಿದ ಬಿಸಿ ಹಾಟ್‌ಡಿಶ್ ತಟ್ಟೆಯಲ್ಲಿ ಒಯ್ದರೆ ಬಾಗಿಲಲ್ಲೇ ಇಸಿದುಕೊಳ್ಳುತ್ತಿದ್ದ. ಹೀಟ್ ಪಂಪಿನ ಮೇಲೆ ಹಿಮ ಕೂತಿತ್ತು. ಅವನ ಎರಡು ಕಾಲ್ಬೆರಳು ಚಳಿ ಕಡಿದು ಕಪ್ಪಿಟ್ಟಿದ್ದವು.

"ಒಳಗೆ ಬಾರೋ. ತಪ್ಪು ಯಂತ್ರದ್ದಲ್ಲ."

"ಅಲ್ಲ ಅಂತ ನಂಗೊತ್ತು," ಎಂದ ಅವನು. "ಅದಕ್ಕೇ ಬರಲ್ಲ."

ಹನ್ನೆರಡನೆಯ ದಿನ ದಕ್ಷಿಣಕ್ಕೆ ಹೊರಟ. ಜನವರಿಯಲ್ಲಿ ಟೆಕ್ಸಾಸಿನ ಕಡಲತೀರದಿಂದ ಫೋನ್ ಮಾಡಿದ.

"ಇಲ್ಲಿ ಪಂಪ್ ಚೆನ್ನಾಗಿ ಓಡ್ತಿದೆ ಮಾರ್ಲಿಸ್. ಬಿಸಿ ಗಾಳಿನೇ ಬರ್ತಿದೆ." ಆಮೇಲೆ, "ಗುರುವಾರದಿಂದ ಇಲ್ಲಿಗೂ ಚಳಿ ಬರುತ್ತಂತೆ. ರೇಡಿಯೋದಲ್ಲಿ ಹೇಳಿದ್ರು," ಎಂದ.

"ಎಲ್ಲಿಗೆ ಹೋಗ್ತೀಯ ಹಾಗಾದ್ರೆ?"

"ಇನ್ನೂ ಕೆಳಗೆ ಹೋದ್ರೆ ಸಮುದ್ರ," ಎಂದ ಅವನು.

ಅವಳು ಹೆಸರು ಹಿಡಿದು ಕರೆದಳು. ಅವನು ಫೋನ್ ಇಟ್ಟಿರಲಿಲ್ಲ, ಉಸಿರು ಕೇಳುತ್ತಿತ್ತು. ಅದರ ಹಿಂದೆ ಪಂಪಿನ ಗರ್ರೆನ್ನುವ ಸದ್ದೂ. ಅವಳು ಫೋನನ್ನು ಕಿವಿಗೊತ್ತಿಕೊಂಡು ನೆಲಮಾಳಿಗೆಯ ಫರ್ನೇಸಿನ ಪಕ್ಕ ಕೂತಳು.