ಅಮ್ಮನ ಬಾಯಿ

ಸ್ಟಿಯರಿಂಗ್ ಹಿಡಿದ ಬೆರಳಿನ ಉಗುರಲ್ಲಿ ಇನ್ನೂ ಇದ್ದಿಲ ಕಪ್ಪು, ಎಷ್ಟು ಉಜ್ಜಿದರೂ ಹೋಗದು, ಟರ್ಕಿಕೋಳಿ ಕಾರ್ಖಾನೆಯ ರಕ್ತವಾದರೂ ಸಂಜೆಯೊಳಗೆ ಬಿಡುತ್ತಿತ್ತು — ಪಕ್ಕದ ಸೀಟಿನಲ್ಲಿ ಅಮ್ಮ, ಚರ್ಚಿಗೆ ಹಾಕುವ ನೀಲಿ ಕೋಟು, ತೊಡೆಯ ಮೇಲೆ ಕೈಚೀಲ, ಕಾಲೇಜಿನ ಪ್ರದರ್ಶನದಿಂದ ಹೊರಟಾಗಿನಿಂದ ಒಂದು ಮಾತಿಲ್ಲ, ಬೈಯಮ್ಮ, ಬೈಯೋದು ನಿನಗೇನು ಹೊಸದಾ, ಅನ್ನಬೇಕು ಅನ್ನಿಸುತ್ತದೆ. ನನಗೆ ಹದಿನೇಳಾದಾಗ ನನ್ನ ಚಿತ್ರದ ಪುಸ್ತಕವನ್ನು ನೆಲಮಾಳಿಗೆಯ ಒಲೆಗೆ ತುರುಕಿದ್ದಳು, ಗೀಚಿದ್ರೆ ಹೊಟ್ಟೆ ತುಂಬುತ್ತಾ ಆರ್ಲಿಸ್, ಸೋಮವಾರದಿಂದ ಕಾರ್ಖಾನೆಗೆ ಹೋಗು, ಹೇಳಿ ಬಂದಿದೀನಿ, ಅಂದಿದ್ದಳು. ಹೋದೆ. ಇಪ್ಪತ್ತೆಂಟು ವರ್ಷ ಕೋಳಿ ಸಿಗಿದೆ. ಕಾರ್ಖಾನೆ ಮುಚ್ಚಿ, ಬೇರೆ ಕಸುಬು ಕಲಿಯಿರಿ ಎಂದು ಫಾರಂ ಕೊಟ್ಟಾಗ ಉಳಿದವರೆಲ್ಲ ನರ್ಸಿಂಗ್, ವೆಲ್ಡಿಂಗ್ ಎಂದು ತುಂಬಿದರು, ನಾನು ಚಿತ್ರಕಲೆ ಎಂದು ತುಂಬಿದೆ, ಆ ಅಕ್ಷರಗಳನ್ನೂ ಸೇಡಿನಿಂದಲೇ ಬರೆದೆನೇನೋ.

ಮನೆಯವರೊಬ್ಬರ ಚಿತ್ರ ಬರೆದು ತನ್ನಿ ಎಂದರು ಕಾಲೇಜಿನಲ್ಲಿ ಚಿತ್ರಕಲೆ ಕಲಿಸುವ ಲಿಂಡ್‌ಕ್ವಿಸ್ಟ್ ಮೇಡಂ, ಮನೆಯಲ್ಲಿ ಇನ್ಯಾರಿದ್ದಾರೆ, ಅಮ್ಮ, ಮಧ್ಯಾಹ್ನ ಒರಗುಕುರ್ಚಿಯಲ್ಲಿ ನಿದ್ದೆ, ಹಲ್ಲಿನ ಸೆಟ್ಟು ಪಕ್ಕದ ಲೋಟದ ನೀರಿನಲ್ಲಿ — ಹಲ್ಲಿಲ್ಲದ ಬಾಯನ್ನು ಅಪ್ಪನಿಗೂ ತೋರಿಸದವಳು, ಆಸ್ಪತ್ರೆಯಲ್ಲಿ ಅವನು ಸಾಯುತ್ತಿದ್ದಾಗಲೂ ಹಲ್ಲು ಸರಿಮಾಡಿಕೊಂಡೇ ಒಳಗೆ ಹೋದವಳು — ನನಗೆ ಗೊತ್ತಿತ್ತು, ಗೊತ್ತಿದ್ದೇ ಬರೆದೆ, ಇದ್ದಿಲ ಕಡ್ಡಿಯಲ್ಲಿ, ಮೂರು ಮಧ್ಯಾಹ್ನ, ಒಳಕ್ಕೆ ಕುಸಿದ ಕೆನ್ನೆ, ತೆರೆದ ಬಾಯಿ, ಹಾಳೆಯಲ್ಲಿ ಎಲ್ಲಕ್ಕಿಂತ ಕಪ್ಪಾದ ಜಾಗ ಅದೇ, ಕಾಗದ ಹರಿಯುವಷ್ಟು ಒತ್ತಿ ಒತ್ತಿ ತುಂಬಿದೆ. ಎಂಥ ಕರುಣೆ ಇದೆ ಆರ್ಲಿಸ್ ಇದರಲ್ಲಿ, ಎಂದರು ಮೇಡಂ, ಕಣ್ಣಲ್ಲಿ ನೀರು ಬೇರೆ. ಕರುಣೆಯಂತೆ. ನಾನು ತಲೆಯಾಡಿಸಿದೆ. ವಿದ್ಯಾರ್ಥಿಗಳ ಪ್ರದರ್ಶನದಲ್ಲಿ ಮೊದಲ ಬಹುಮಾನ.

ಮೊದಲ ಬಹುಮಾನ ಬಂದಿದೆ, ಬಾ ಅಮ್ಮ, ನೋಡುವೆಯಂತೆ, ಎಂದಷ್ಟೇ ಹೇಳಿದ್ದೆ, ಏನು ಬರೆದೆ ಎಂದು ಹೇಳಲಿಲ್ಲ, ಅವಳು ಕೂಗಾಡಲಿ, ಎಲ್ಲರೆದುರು ಒಮ್ಮೆ ಬೇಯಲಿ ಎಂದು ಕಾದಿದ್ದೆ. ಅವಳೋ ಕೂದಲು ಸುರುಳಿ ಮಾಡಿಸಿಕೊಂಡು ಬಂದಳು, ಚರ್ಚಿನ ಗೆಳತಿ ನೈಗಾರ್ಡಮ್ಮನನ್ನೂ ಕರೆತಂದಳು, ಒಂದು ತಟ್ಟೆ ನಿಂಬೆ ಕೇಕಿನ ಬಿಲ್ಲೆ ಮಾಡಿ ತಂದು ಬಾಗಿಲಲ್ಲೇ ಎಲ್ಲರಿಗೂ ಹಂಚಿದಳು, ತಗೊಳ್ಳಿ ತಗೊಳ್ಳಿ, ನಮ್ಮ ಆರ್ಲಿಸ್‌ದೇ ಮೊದಲನೇದು, ಚಿಕ್ಕೋಳಿದ್ದಾಗಿಂದ್ಲೂ ಬರೀತಿದ್ಳು — ಆಗಲೇ ನಿಲ್ಲಿಸಬೇಕಿತ್ತು, ತಲೆನೋವು ಮನೆಗೆ ಹೋಗೋಣ ಎನ್ನಬೇಕಿತ್ತು, ಆದರೆ ಅವಳು ನನ್ನ ಹೆಸರನ್ನು ಹಾಗೆ ಹೇಳಿದ್ದು ಅದೇ ಮೊದಲು. ಒಂದೊಂದೇ ಚಿತ್ರ ನೋಡುತ್ತ ಹೋಗಿ ನನ್ನದರ ಮುಂದೆ ನಿಂತಳು. ಅಯ್ಯೋ ಬೊರ್ಗಿಲ್, ಥೇಟ್ ನೀನೇ ಕಣೇ! ಎಂದಳು ನೈಗಾರ್ಡಮ್ಮ, ಅಮ್ಮನ ಭುಜ ತಟ್ಟಿ. ಅಮ್ಮ ಕೂಗಲಿಲ್ಲ. ತಿರುಗಿ, ಚಿಕ್ಕ ದನಿಯಲ್ಲಿ, ನಾನು ಮಲಗಿದ್ದಾಗಾ, ಎಂದು ಕೇಳಿದಳು. ಹೂಂ ಎಂದೆ. ಕೈಗವಸು ಹಾಕಿದ ಕೈಯನ್ನು ಮೆಲ್ಲಗೆ ಎತ್ತಿ ಬಾಯಿ ಮುಚ್ಚಿಕೊಂಡಳು. ಒಲೆಗೆ ಹಾಕಿದ್ದಳಲ್ಲ, ಹಾಕಿದ್ದಳು ತಾನೇ, ಲೆಕ್ಕ ಸರಿಹೋಯಿತಲ್ಲ, ಎಂದು ಆಗಿನಿಂದ ಹೇಳಿಕೊಳ್ಳುತ್ತಿದ್ದೇನೆ, ನನ್ನ ಕೈಯಿಂದ ಬಂದದ್ದರಲ್ಲೆಲ್ಲ ಒಳ್ಳೆಯ ಚಿತ್ರ ಅದೇ, ಅದೂ ನಿಜ, ಹಾಳಾದ್ದು ಅದೂ ನಿಜ —

ಹಸಿರು ಬಿತ್ತು, ಹೋಗು, ಎನ್ನುತ್ತಾಳೆ ಅಮ್ಮ, ಬೆರಳ ಸಂದಿಯಿಂದ, ಕೈ ತೆಗೆಯದೆ, ಹಿಂದಿನ ಕಾರಿನವನು ಹಾರ್ನ್ ಒತ್ತುತ್ತಿದ್ದಾನೆ, ಕಾರಿನಲ್ಲಿ ನಾವಿಬ್ಬರೇ, ನೋಡಲು ನಾನೊಬ್ಬಳೇ, ಅವಳ ಬಾಯಲ್ಲಿ ಹಲ್ಲೆಲ್ಲ ಇವೆ, ಆದರೂ ಆ ಕೈ, ಬೂದು ಉಣ್ಣೆಯ ಕೈಗವಸು, ಬಾಯಿಯ ಮೇಲೆ, ಆ ಕೈ.